ಗಿಡದ ಮೇಲಿನ ಹೂವಿಗೆ ಮೂವತ್ತು ಅಂಕ

ಚಾಮರಾಜನಗರ
7 ಜುಲೈ 1957, ಭಾನುವಾರ

ನಿವೃತ್ತನಾಗಿ ಮೂರು ತಿಂಗಳು ಕಳೆಯಿತು. ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿದ್ದಾಗ ದಿನಚರಿ ಬರೆಯಲು ಪುರುಸೊತ್ತಿರಲಿಲ್ಲ. ಈಗ ಪುರುಸೊತ್ತಿದೆ, ಬರೆಯಲು ವಿಷಯವಿಲ್ಲ. ಇಂದು ಒಂದು ಸಿಕ್ಕಿತು.

ಅಕ್ಕಿ ಗಿರಣಿಯ ದೊಡ್ಡಮಲ್ಲಪ್ಪನವರು ಮನೆಗೆ ಬಂದಿದ್ದರು. ಅವರೂ ನಾಲ್ಕು ಜನ ಗೆಳೆಯರೂ ಸೇರಿ ಒಂದು ಉದ್ಯಾನ ಸಮಿತಿ ಮಾಡಿಕೊಂಡಿದ್ದಾರೆ. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ತಾಲೂಕು ಸೇರಿಸಿ ತೋಟಗಳ ಸ್ಪರ್ಧೆ ನಡೆಸುತ್ತಾರಂತೆ. ಮನೆ ಮುಂದೆ ಹೂದೋಟ, ಹಿಂದೆ ತರಕಾರಿ ಹಿತ್ತಲು ಇರುವವರು ಹೆಸರು ಕೊಟ್ಟಿದ್ದಾರೆ. ಇಂದಿನಿಂದ ಶ್ರಾವಣ ಮುಗಿಯುವವರೆಗೆ ಪ್ರತಿ ಭಾನುವಾರ ಅವರು ಗೇಟು ತೆರೆದಿಡಬೇಕು. ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. ಮೊದಲನೆಯ ಬಹುಮಾನ ಬಾವಿಗೆ ಕೂರಿಸುವ ಒಂದು ಕೈಪಂಪು, ದೊಡ್ಡಮಲ್ಲಪ್ಪನವರದೇ ಕೊಡುಗೆ. ಪರೀಕ್ಷಕರು ಇಬ್ಬರು. ಗಿಡದ ವಿಷಯ ತಿಳಿದವನು ಪ್ರವಾಸಿ ಬಂಗಲೆಯ ತೋಟದ ಮೇಸ್ತ್ರಿ ಚಿಕ್ಕಮಾದಯ್ಯ. ಅಂಕ ಕೊಡಲು ತಿಳಿದವನು ನಾನು.

"ನನಗೆ ಬದನೆ ಗಿಡಕ್ಕೂ ಮೆಣಸಿನ ಗಿಡಕ್ಕೂ ವ್ಯತ್ಯಾಸ ಗೊತ್ತಾಗೋದು ಕಾಯಿ ಬಿಟ್ಟ ಮೇಲೇನೇ," ಎಂದೆ.

"ಅದಕ್ಕೇ ನಿಮ್ಮನ್ನ ಕೇಳ್ತಿರೋದು ಮೇಷ್ಟ್ರೇ. ತಿಳಿದೋರು ಪಕ್ಷ ವಹಿಸ್ತಾರೆ," ಎಂದರು. ನ್ಯಾಯವಾದ ಮಾತು. ಒಪ್ಪಿಕೊಂಡೆ.

ಅವರು ಹೋದ ಮೇಲೆ ಚಂದ್ರಮತಿ ಅಡುಗೆಮನೆಯಿಂದಲೇ ನಕ್ಕಳು. "ಮಲ್ಲಿಗೆ ಬಳ್ಳಿ ಕಡಿಸಿ ಸಿಮೆಂಟು ಹಾಕ್ಸಿದೋರು ತೋಟಕ್ಕೆ ಅಂಕ ಕೊಡ್ತಾರಂತೆ!" ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಬಾಯಿಗೆ ಅಂಕ ಕೊಡುವ ಪದ್ಧತಿಯನ್ನು ನಾನು ಇಟ್ಟುಕೊಂಡಿಲ್ಲ.

9 ಜುಲೈ, ಮಂಗಳವಾರ

ಪಟ್ಟಿ ಬಂತು. ಹನ್ನೊಂದು ತೋಟ. ಏಳನೆಯ ಹೆಸರು ಗುರುಮಲ್ಲಮ್ಮ, ತೆರಕಣಾಂಬಿ.

ನನ್ನ ಅಕ್ಕ.

ಆರು ವರ್ಷದಿಂದ ಮಾತಿಲ್ಲ. ಕಾರಣವನ್ನು ಬರೆದಿಡುತ್ತೇನೆ, ಬರೆದರೆ ಅದು ಎಷ್ಟು ಚಿಕ್ಕದೆಂದು ಕಾಣುತ್ತದೆ. ನಮ್ಮ ಹಿತ್ತಲ ಗೋಡೆಗೆ ಅವ್ವ ಹಬ್ಬಿಸಿದ್ದ ಸೂಜಿಮಲ್ಲಿಗೆ ಬಳ್ಳಿಯಿತ್ತು. ಅವ್ವ ತೀರಿಕೊಂಡ ಮರುವರ್ಷ, ಎಲೆ ಉದುರಿ ಕಸವಾಗುತ್ತದೆ, ಹಾವು ಸೇರುತ್ತದೆ ಎಂದು ಅದನ್ನು ಬುಡಸಮೇತ ಕಡಿಸಿ, ನೆಲಕ್ಕೆ ಸಿಮೆಂಟು ಹಾಕಿಸಿ, ಬಟ್ಟೆ ಒಗೆಯುವ ಕಲ್ಲು ಕೂರಿಸಿದೆ. ಆ ವರ್ಷ ಗೌರಿ ಹಬ್ಬಕ್ಕೆ ಅಕ್ಕ ಬಂದಳು. ಬಂದವಳು ಪ್ರತಿ ಸಲದಂತೆ ಚೀಲವನ್ನು ಜಗಲಿಯ ಮೇಲಿಟ್ಟು ನೇರ ಹಿತ್ತಲಿಗೆ ಹೋದಳು, ಹೂ ಬಿಡಿಸಿಕೊಳ್ಳಲು. ಅಲ್ಲೇ ತುಸು ಹೊತ್ತು ನಿಂತಿದ್ದಳು. ಒಳಗೆ ಊಟಕ್ಕೆ ಎಲೆ ಹಾಕಿತ್ತು. ಚೀಲ ಎತ್ತಿಕೊಂಡು ಉಣ್ಣದೆ ಬಸ್ಸಿಗೆ ಹೋದಳು. ಒಂದು ಬಳ್ಳಿಗೆ ಇಷ್ಟೆಲ್ಲವೇ ಎಂದು ನಾನೂ ಕರೆಯಲಿಲ್ಲ. ಮರುವರ್ಷದ ಗೌರಿಗೆ ತಮ್ಮನಾದವನು ಸೀರೆ ಒಯ್ಯಬೇಕಿತ್ತು. ಒಯ್ಯಲಿಲ್ಲ. ಅವಳೂ ಬರಲಿಲ್ಲ. ಹಾಗೇ ಆರು ವರ್ಷವಾಯಿತು.

ಪರೀಕ್ಷಕನ ಸ್ಥಾನ ಬಿಡಬೇಕೇ ಎಂದು ಯೋಚಿಸಿದೆ. ಬಿಡಬೇಕಾಗಿಲ್ಲ. ಅಕ್ಕ ತಮ್ಮ ಚೆನ್ನಾಗಿದ್ದರೆ ಪಕ್ಷಪಾತದ ಪ್ರಶ್ನೆ ಏಳುತ್ತಿತ್ತು. ಮಾತೇ ಇಲ್ಲದ ಕಡೆ ಪಕ್ಷಪಾತ ಎಲ್ಲಿಂದ ಬರಬೇಕು? ದೊಡ್ಡಮಲ್ಲಪ್ಪನವರಿಗೆ ಹೇಳುವ ಅಗತ್ಯ ಕಾಣಲಿಲ್ಲ.

ನೂರು ಅಂಕವನ್ನು ಹೀಗೆ ಹಂಚಿದ್ದೇನೆ. ಗಿಡದ ಮೇಲಿನ ಹೂವಿಗೆ ಮೂವತ್ತು, ಗಿಡದ ಮೇಲಿನ ಕಾಯಿಪಲ್ಯಕ್ಕೆ ಮೂವತ್ತು, ಸಾಲು ನೇರವಾಗಿರುವುದಕ್ಕೆ ಇಪ್ಪತ್ತು, ಚೊಕ್ಕಟಕ್ಕೆ ಇಪ್ಪತ್ತು.

14 ಜುಲೈ, ಭಾನುವಾರ

ಚಂದಕವಾಡಿಗೆ ಹೋಗಿದ್ದೆವು. ಶಿವಮಲ್ಲಪ್ಪ ಎಂಬುವರ ತೋಟ. ನಾಲ್ಕೂರಿಗೆ ಹೆಸರಾದ ತೋಟವೆಂದು ಚಿಕ್ಕಮಾದಯ್ಯ ದಾರಿಯುದ್ದಕ್ಕೂ ಹೇಳಿದ. ಆಷಾಢದ ಗಾಳಿಗೆ ನನ್ನ ಛತ್ರಿ ಎರಡು ಸಲ ಮಗುಚಿತು.

ಗೇಟಿನಲ್ಲೇ ಓಲಗ. ನನ್ನ ಕೊರಳಿಗೆ ಮೂರು ಹಾರ, ಚಿಕ್ಕಮಾದಯ್ಯನಿಗೆ ಎರಡು, ಮೊಣಕಾಲಿಗೆ ಬಡಿಯುವಷ್ಟು ಉದ್ದದವು. ಚೆಂಡು ಹೂವಿನ ಘಾಟಿಗೆ ಸೀನು ಬಂತು. ಸೀನುತ್ತಲೇ ಒಳಗೆ ಹೋಗಿ ನೋಡಿದರೆ ತೋಟದಲ್ಲಿ ಒಂದೇ ಒಂದು ಹೂವಿಲ್ಲ. ಗಿಡಗಳೆಲ್ಲ ಆಗತಾನೇ ಕ್ಷೌರ ಮಾಡಿಸಿಕೊಂಡವರ ಹಾಗೆ ನಿಂತಿದ್ದವು.

"ಹೂ ಎಲ್ಲಿ?" ಎಂದೆ.

"ತಮ್ ಕೊರಳಲ್ಲೇ ಅದಲ್ಲ ಸ್ವಾಮಿ," ಎಂದರು ಶಿವಮಲ್ಲಪ್ಪ, ಸಂತೋಷದಿಂದ.

"ಕಾಯಿ?"

"ಬುಟ್ಟಿಗೆ ತುಂಬ್ಸಿವ್ನಿ. ತಮ್ಮಂತೋರು ಬರ್ತಾರೆ ಅಂದ್ಮೇಲೆ ಗಿಡದಲ್ಲೇ ಬುಡಾಕಾದದ?"

ಎರಡು ಬುಟ್ಟಿ ತುಂಬ ಬದನೆ, ಬೆಂಡೆ, ಹೀರೆ, ಮೇಲೊಂದು ಕುಂಬಳ. ನನ್ನ ಪಟ್ಟಿಯಲ್ಲಿ ಗಿಡದ ಮೇಲಿನ ಹೂ, ಗಿಡದ ಮೇಲಿನ ಕಾಯಿ ಎಂದಿದೆ. ಎರಡಕ್ಕೂ ಸೊನ್ನೆ ಹಾಕಿದೆ. ಚಿಕ್ಕಮಾದಯ್ಯ ಕಿವಿಯಲ್ಲಿ, "ಬುಟ್ಟೀಲಿರೋದ್ನ ನೋಡುದ್ರೂ ತಿಳೀತದಲ್ಲ ಸ್ವಾಮಿ, ಇಂತಾ ಬದ್ನೆಕಾಯ ನಾನು ಬೆಳ್ದಿಲ್ಲ," ಎಂದ. ಉತ್ತರ ಪತ್ರಿಕೆಯಲ್ಲಿ ಇಲ್ಲದ್ದಕ್ಕೆ ಅಂಕವಿಲ್ಲ ಎಂದು ವಿವರಿಸಿದೆ. ಬುಟ್ಟಿಯನ್ನು ಮುಟ್ಟಲಿಲ್ಲ. ಶಿವಮಲ್ಲಪ್ಪನವರ ಮುಖ ಸಣ್ಣದಾಯಿತು. ಅದಕ್ಕೆ ನಾನು ಹೊಣೆಯಲ್ಲ.

15 ಜುಲೈ, ಸೋಮವಾರ

ಉಳಿದ ಹತ್ತು ತೋಟದವರಿಗೂ ಚೀಟಿ ಕಳಿಸಿದೆ. ನಾನೇ ಬರೆದ ಒಕ್ಕಣೆ: "ಪರೀಕ್ಷಕರಾಗಲಿ ಸಮಿತಿಯವರಾಗಲಿ ಬರುವ ದಿನಕ್ಕೆ ಮೂರು ದಿನ ಮುಂಚಿನಿಂದ ತೋಟದಲ್ಲಿ ಹೂ, ಕಾಯಿ ಏನನ್ನೂ ಕೀಳಕೂಡದು. ಕಿತ್ತಲ್ಲಿ ಆ ಅಂಕಗಳು ಸೊನ್ನೆ. ಪರೀಕ್ಷಕರಿಗೆ ಒಂದು ಎಲೆಯನ್ನೂ ಕೊಡಕೂಡದು." ಓದಿ ನೋಡಿದೆ. ಎಲ್ಲಿಯೂ ಸಂದೇಹಕ್ಕೆ ಎಡೆಯಿಲ್ಲ.

21 ಜುಲೈ, ಭಾನುವಾರ

ಗುಂಡ್ಲುಪೇಟೆ ದಾಟಿ ಹಂಗಳ. ಕಾಡಿನ ಅಂಚಿನಲ್ಲಿ ರಂಗನಾಯಕ ಮತ್ತು ಅವನ ಹೆಂಡತಿ ಮಂಗಮ್ಮನ ತೋಟ. ಹಂದಿ ನುಗ್ಗದಂತೆ ಸುತ್ತ ಮುಳ್ಳುಬೇಲಿ, ನಡುವೆ ಡಬ್ಬ ಬಡಿಯಲು ಒಂದು ಅಟ್ಟಣೆ. ಚಪ್ಪರದಿಂದ ಇಳಿಬಿದ್ದ ಪಡವಲಕಾಯಿಗೆ ಒಂದೊಂದಕ್ಕೂ ದಾರದಲ್ಲಿ ಪುಟ್ಟ ಕಲ್ಲು ಕಟ್ಟಿದ್ದಾರೆ. ಕಲ್ಲಿನ ಭಾರಕ್ಕೆ ಕಾಯಿ ಸುತ್ತಿಕೊಳ್ಳದೆ ನೇರ ಬೆಳೆಯುತ್ತದಂತೆ. ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆ, ಈ ಉಪಾಯ ಹೊಳೆದಿರಲಿಲ್ಲ.

ನಿಯಮವನ್ನು ಅಚ್ಚುಕಟ್ಟಾಗಿ ಪಾಲಿಸಿದ್ದರು. ಹೂವೆಲ್ಲ ಗಿಡದಲ್ಲೇ ಇತ್ತು. "ಮೂರ್ ದಿನದಿಂದ ಗೋಪಾಲಸ್ವಾಮಿ ಪಟಕ್ಕೂ ಒಂದ್ ಊವಿಲ್ಲ ಸ್ವಾಮಿ," ಎಂದ ರಂಗನಾಯಕ, ದೂರಿನಂತಲ್ಲ, ವರದಿಯಂತೆ. ಎಂಬತ್ನಾಲ್ಕು ಅಂಕ.

ಹೊರಡುವಾಗ ಮಂಗಮ್ಮ ಬೇಲಿಯ ಹತ್ತಿರ ನಿಂತು ಕಣ್ಣಿಗೆ ಸೆರಗು ಹಚ್ಚಿದಳು. "ಮನೆಗಂಟ ಬಂದೋರ್ನ ಬರಿಗೈಲಿ ಕಳುಸ್ತಾ ಇವ್ನಿ. ಇಂತಾದ್ದು ನಮ್ಮನೇಲಿ ಆಗಿಲ್ಲ ಕಣ್ರಪ್ಪ," ಎಂದಳು. ನಿಯಮದ ಉದ್ದೇಶ ತಿಳಿಸಿ ಹೇಳಿದೆ. ಅವಳು ತಲೆಯಾಡಿಸಿದಳು, ಅಳು ನಿಲ್ಲಿಸಲಿಲ್ಲ.

ಬಸ್ಸಿನಲ್ಲಿ ಏನೋ ಮರೆತು ಬಂದಂತಾಗಿ ಎರಡು ಸಲ ನೋಡಿಕೊಂಡೆ. ಛತ್ರಿ, ಟೇಪು, ಅಂಕಪಟ್ಟಿ ಎಲ್ಲ ಇದ್ದವು.

25 ಜುಲೈ, ಗುರುವಾರ

ಗಾಳಿ. ಬೇರೇನೂ ಇಲ್ಲ. ಭಾನುವಾರ ತೆರಕಣಾಂಬಿ.

28 ಜುಲೈ, ಭಾನುವಾರ

ಶ್ರಾವಣದ ಮೊದಲ ದಿನ. ತೆರಕಣಾಂಬಿಗೆ ಹೋಗಿ ಬಂದೆವು. ಹೋಗುವಾಗ ಚಿಕ್ಕಮಾದಯ್ಯನಿಗೆ ಏನೂ ಹೇಳಲಿಲ್ಲ.

ಬಿದಿರಿನ ತಡಿಕೆ ತೆರೆದಿತ್ತು. ಹತ್ತು ಹನ್ನೆರಡು ಜನ ಒಳಗೆ ತೋಟ ನೋಡುತ್ತಿದ್ದರು. ಅಕ್ಕ ಬಾವಿಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಬಲಗೈ ಭುಜದಿಂದ ಮೇಲೇಳುವುದಿಲ್ಲ. ಎಡಗೈಯಿಂದ ಒಂದು ಮಾರು ಎಳೆಯುತ್ತಾಳೆ, ಹಗ್ಗವನ್ನು ಕಾಲಡಿ ಮೆಟ್ಟಿ ಹಿಡಿಯುತ್ತಾಳೆ, ಮತ್ತೆ ಎಳೆಯುತ್ತಾಳೆ. ಭಾವ ವ್ಯಾಪಾರಕ್ಕೆಂದು ವಯನಾಡಿನ ಕಡೆ ಹೋದರೆ ತಿಂಗಳಿಗೊಮ್ಮೆ ಮನೆ ಕಾಣುವವರು. ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆಯಲ್ಲಿದ್ದಾರೆ. ಇಷ್ಟು ತೋಟಕ್ಕೂ ನೀರು ಆ ಒಂದು ಕೈಯಿಂದಲೇ. ಹೆಸರು ಯಾಕೆ ಕೊಟ್ಟಳೆಂದು ಈಗ ತಿಳಿಯಿತು. ಅವಳಿಗೆ ಪಂಪು ಬೇಕು.

"ಬನ್ನಿ ಮೇಷ್ಟ್ರೇ," ಎಂದಳು.

ಐವತ್ತೈದು ವರ್ಷದಲ್ಲಿ ಅವಳು ನನ್ನನ್ನು ಬನ್ನಿ ಎಂದದ್ದು ಇದೇ ಮೊದಲು. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು.

ತೋಟ ತುಂಬಿ ನಿಂತಿತ್ತು. ಮುಂದೆ ಕನಕಾಂಬರದ ಎರಡು ಸಾಲು, ಒಳಗೆ ಚೆಂಡು ಹೂ, ಕಾಕಡ, ನಂದಿಬಟ್ಟಲು, ಅಂಚಿಗೆ ಮರುಗ. ಹಿಂದೆ ಬದನೆ, ಬೆಂಡೆ, ದಂಟು, ಬಾವಿಯ ಪಕ್ಕ ಹೀರೆ ಚಪ್ಪರ. "ಮೂರ್ ದಿನದಿಂದ ಲಿಂಗಕ್ಕೂ ಹೂವ ಏರ್ಸಿಲ್ಲ, ಬರೀ ಈಬೂತೀಲೇ ಪೂಜೆ. ಚೀಟೀಲಿ ಅಂಗೇ ಬರ್ದಿತ್ತಲ್ಲ," ಎಂದು ಚಿಕ್ಕಮಾದಯ್ಯನಿಗೆ ಹೇಳಿದಳು, ನನಗಲ್ಲ. ಸಾಲು ಅಳೆಯುವಾಗ ಟೇಪಿನ ಒಂದು ತುದಿ ಅವಳು ಹಿಡಿದಳು, ಒಂದು ತುದಿ ನಾನು. ಒಂದು ಅಂಗುಲವೂ ಡೊಂಕಿಲ್ಲ.

ನಾನು ಒಂದನ್ನು ಹುಡುಕಿದೆ, ಕಾಣಲಿಲ್ಲ. ಪರೀಕ್ಷಕನಾಗಿಯೇ ಕೇಳಿದೆ. "ಸೂಜಿಮಲ್ಲಿಗೆ ಇಲ್ಲವೇ?"

"ಇಲ್ಲ ಮೇಷ್ಟ್ರೇ. ಅದು ನಮ್ ತವರ್ನಲ್ಲಿತ್ತು," ಎಂದಳು.

ಬಿಸಿಲಾಗಿತ್ತು. ನಾನು ಕೊರಳು ಒರೆಸಿಕೊಂಡದ್ದನ್ನು ನೋಡಿ, "ನೀರ್ ಕೊಡಬೌದಾ? ಚೀಟೀಲಿ ಏನ್ ಬರ್ದದೆ?" ಎಂದು ಕೇಳಿದಳು.

"ನೀರಿನ ಬಗ್ಗೆ ಬರೆದಿಲ್ಲ," ಎಂದೆ.

"ಬರೀದೇ ಇರೋದ್ನ ಕೊಟ್ಟು ನಾನ್ಯಾಕೆ ತಪ್ ಮಾಡ್ಲಿ ಬುಡಿ," ಎಂದಳು.

ತೊಂಬತ್ತೆರಡು ಅಂಕ. ಇಷ್ಟು ಯಾರಿಗೂ ಬಂದಿಲ್ಲ. ತಡಿಕೆಯವರೆಗೆ ಬಂದು, ಹೋಗಿ ಬನ್ನಿ ಎಂದಳು. ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡಿದ್ದಳು.

ಬಸ್ಸಿನಲ್ಲಿ ಚಿಕ್ಕಮಾದಯ್ಯ, "ಆ ಅವ್ವನ್ ಮುಖ ನಿಮ್ ಮುಖದಂಗೇ ಅದೆ ಸ್ವಾಮಿ," ಎಂದ. ಅಕ್ಕ ಎಂದೆ. ಇಳಿಯುವಾಗ, "ಅಕ್ಕನ್ ಮನೆಯಿಂದ ಬರಿಗೈಲಿ ಬಂದ್ರಲ್ಲ ಸ್ವಾಮಿ," ಎಂದು ಹೇಳಿ ಹೊರಟುಹೋದ.

ನನಗೆ ಬೇಸರವಾಯಿತು. ಬಹಳ ಬೇಸರವಾಯಿತು. ನಿಯಮ ಬರೆದವನು ನಾನೇ, ಅವಳು ಅದನ್ನು ಅಕ್ಷರ ಬಿಡದೆ ಪಾಲಿಸಿದಳು. ಒಂದು ಹೂವಾದರೂ ಕೊಡುತ್ತಾಳೆಂದು ನಾನು ತಡಿಕೆಯ ಬಳಿ ನಿಂತಿದ್ದೆನಲ್ಲ, ಅದು ಯಾವ ನಿಯಮ?

3 ಆಗಸ್ಟ್, ಶನಿವಾರ

ಹತ್ತಿರದ ತೋಟಗಳನ್ನು ವಾರದ ದಿನಗಳಲ್ಲೇ ನೋಡಿಬಿಟ್ಟೆವು, ಹನ್ನೊಂದೂ ಮುಗಿದವು. ಗುರುಮಲ್ಲಮ್ಮ ಮೊದಲು, ರಂಗನಾಯಕ ಎರಡನೆಯವನು. ಮೊದಲು ಬಂದ ತೋಟವನ್ನು ಇಡೀ ಸಮಿತಿ 11ನೇ ತಾರೀಕು ಭಾನುವಾರ ಹೋಗಿ ನೋಡಿ, ಅಂಕ ಸರಿಯಿದೆಯೆಂದು ಕಂಡರೆ ಬಹುಮಾನ ಖಾಯಂ ಮಾಡುತ್ತದೆ. ಅಕ್ಕನಿಗೆ ಕಚೇರಿಯ ರೀತಿಯಲ್ಲಿ ಕಾಗದ ಹೋಗಿದೆ.

5 ಆಗಸ್ಟ್, ಸೋಮವಾರ

ಪಂಪು ಕೂರಿಸಬೇಕಾದರೆ ಬಾವಿಯ ಆಳ ಗೊತ್ತಿರಬೇಕು. ಅಂದು ಅಳೆಯಲಿಲ್ಲ. ಇದು ನನ್ನ ಲೋಪ, ನಾನೇ ಹೋಗಿ ಸರಿಪಡಿಸಬೇಕು. ಒಂದು ಕಾರ್ಡು ಬರೆದೆ: "ಗುರುಮಲ್ಲಮ್ಮನವರಿಗೆ. ಕೈಪಂಪು ಕೂರಿಸುವ ಸಲುವಾಗಿ ಬಾವಿಯ ಆಳ ಬೇಕಾಗಿದೆ. 10ನೇ ತಾರೀಕು ಶನಿವಾರ ಬೆಳಗ್ಗೆ ಅಳೆಯಲು ಬರುತ್ತೇನೆ."

ಚಂದ್ರಮತಿ ಓದಿದಳು. "ಅಕ್ಕಂಗೆ ಬರ್ದಿದೀರೋ ಬಾವಿಗೆ ಬರ್ದಿದೀರೋ?" ಎಂದು ಕೇಳಿ, ಕಾರ್ಡನ್ನು ಮೇಜಿನ ಮೇಲಿಟ್ಟು ಹೋದಳು.

ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಕಾರ್ಡಿನ ಜಾಗ ಹಾಳುಮಾಡಬಾರದು. "ಊಟಕ್ಕೆ ಇರುತ್ತೇನೆ" ಎಂದು ಸೇರಿಸಿದೆ. ಡಬ್ಬಿಗೆ ಹಾಕಿ ಬಂದೆ.

10 ಆಗಸ್ಟ್, ಶನಿವಾರ

ಇಂದಿನದನ್ನು ಕ್ರಮವಾಗಿ ಬರೆಯಬೇಕು.

ತಡಿಕೆ ದಾಟಿದೊಡನೆ ಮೇಕೆ ನುಗ್ಗಿದೆ ಎಂದುಕೊಂಡೆ. ಕನಕಾಂಬರದ ಸಾಲಿನಲ್ಲಿ ಒಂದು ಹೂವಿಲ್ಲ. ಚೆಂಡು ಹೂವಿಲ್ಲ, ಕಾಕಡವಿಲ್ಲ, ಮರುಗದ ತುದಿ ಕೂಡ ಚಿವುಟಿತ್ತು. ಮನೆ ಬಳಸಿ ಹಿಂದಕ್ಕೆ ಓಡಿದೆ. ಬದನೆ ಗಿಡ ಬರಿದು, ಬೆಂಡೆ ಬರಿದು, ಹೀರೆ ಚಪ್ಪರದಲ್ಲಿ ಎಲೆ ಮಾತ್ರ. ಅಡುಗೆಮನೆಯ ಕಿಟಕಿಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

ಅಕ್ಕ ಹಾರ ಹಿಡಿದುಕೊಂಡು ಹೊರಗೆ ಬಂದಳು. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಹಾರ, ಇಡೀ ಮುಂದಿನ ತೋಟ ಅದರಲ್ಲಿತ್ತು.

"ಕೈ ಮ್ಯಾಕ್ಕೆ ಏಳಾಕಿಲ್ಲ ಕಣ. ಬಗ್ಗು ಕೂಸು," ಎಂದಳು.

ನಾನು ಬಗ್ಗಲಿಲ್ಲ. ಕೂಗಾಡಿದೆ. "ಏನ್ ಮಾಡ್ಬಿಟ್ಟೆ ಅಕ್ಕ? ನಾಳೆ ಬೆಳಗ್ಗೆ ಸಮಿತಿ ಬರುತ್ತೆ. ಮೂರು ದಿನ ಏನೂ ಕೀಳ್ಬಾರದು ಅಂತ ಬರೆದಿತ್ತಲ್ಲ. ಓದಲಿಲ್ವಾ?"

"ಓದ್ದೆ. ನಂಗೂ ಓದಾಕ್ ಬತ್ತದೆ. ನಿಂಗೆ ಮರಳ ಮ್ಯಾಲೆ ಕೈ ಹಿಡ್ದು ಅಕ್ಸರ ತಿದ್ಸಿದ್ದು ಯಾರು?"

"ಹಂಗಾದ್ರೆ ಪಂಪು?"

"ಪಂಪು ಊಟಕ್ಕಿರ್ತೀನಿ ಅಂತ ಕಾಗ್ದ ಬರ್ದದಾ?"

ಆಗ ನನಗೆ ಹೊಳೆಯಿತು. ಮೂರು ದಿನದ ನಿಯಮ ಬರೆದವನು ನಾನು, ಸಮಿತಿ ಬರುವುದು ಭಾನುವಾರವೆಂದು ಗೊತ್ತಿದ್ದು ಶನಿವಾರ ಊಟಕ್ಕೆ ಬರುತ್ತೇನೆಂದು ಬರೆದವನೂ ನಾನೇ. ಆರು ವರ್ಷದ ಮೇಲೆ ತಮ್ಮ ಊಟಕ್ಕೆ ಬರುತ್ತೇನೆಂದರೆ ಅಕ್ಕ ಅಂಗಡಿಯಿಂದ ಬದನೆಕಾಯಿ ತರಿಸುತ್ತಾಳೆಯೇ? ಹತ್ತು ಶಾಲೆಗೆ ವೇಳಾಪಟ್ಟಿ ಬರೆದುಕೊಟ್ಟ ನನಗೆ ಇಷ್ಟು ತಿಳಿಯಲಿಲ್ಲ.

ಬಗ್ಗಿದೆ. ಎಡಗೈಯಿಂದಲೇ ಹಾರ ಹಾಕಿದಳು. ಆ ಕೈಯನ್ನು ಒಂದು ಗಳಿಗೆ ನನ್ನ ತಲೆಯ ಮೇಲೆ ಇಟ್ಟಳು.

ಮುದ್ದೆ, ದಂಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಬೆಂಡೆಕಾಯಿ ಪಲ್ಯ, ಹೀರೆಕಾಯಿ ಬಜ್ಜಿ, ಕುಂಬಳಕಾಯಿ ಪಾಯಸ. ಒಬ್ಬನಿಗೆ ಇಷ್ಟು. ಅವಳು ಎದುರಿಗೆ ಕೂತು ನಾನು ಉಣ್ಣುವುದನ್ನೇ ನೋಡುತ್ತಿದ್ದಳು. ಅರ್ಧ ಮುದ್ದೆ ಮುಗಿದಾಗ ಹೇಳಿದೆ. "ಬಳ್ಳಿ ಕಡಿಸಿದ್ದು ತಪ್ಪಾಯ್ತು ಅಕ್ಕ."

"ತಪ್ಪೇಯ," ಎಂದಳು. ಸಾರು ಬಡಿಸಿದಳು. "ಒಂದ್ ಮಾತು ಕೇಳಿದ್ರೆ ನಾನೇ ಬಂದು ಸವರಿ ಕೊಟ್ಟು ಓಯ್ತಿದ್ದೆ. ಅವ್ವನ ಮಾತಾಡ್ಸಕೆ ನಂಗಿದ್ದದ್ದು ಅದೊಂದೇಯ. ನಿಂಗೆ ಅದು ಕಸ ಆಗೋಯ್ತಲ್ಲ ಅಂತ ಒಟ್ಟೆ ಉರೀತು." ಇನ್ನೊಂದು ಬದನೆಕಾಯಿ ಎಲೆಗೆ ಹಾಕಿದಳು. ಆಮೇಲೆ, "ಉಣ್ಣದೇ ಬಂದದ್ದು ನಂದೂ ತಪ್ಪೇ ಬುಡು. ಉಣ್ಣು," ಎಂದಳು.

ಎಣ್ಣೆಗಾಯಿ ಅವ್ವ ಮಾಡಿದ ಹಾಗೇ ಇತ್ತು. ನನಗೆ ಅಳು ಬಂತು. ಖಾರಕ್ಕೆ ಎಂದೆ. ಅವಳು ನೀರು ಕೊಟ್ಟಳು.

ಬಸ್ಸು ಊರು ಬಿಟ್ಟ ಮೇಲೆ ನೆನಪಾಯಿತು. ಬಾವಿಯ ಆಳ ಅಳೆಯಲಿಲ್ಲ.

11 ಆಗಸ್ಟ್, ಭಾನುವಾರ

ಸಮಿತಿಯ ಐವರೂ ಬಂದರು. ಬರಿ ಗಿಡಗಳನ್ನು ನೋಡಿ ದೊಡ್ಡಮಲ್ಲಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು. ಅವರಿಗೆ ನಡೆದದ್ದೆಲ್ಲ ಹೇಳಿದೆ, ಅವಳು ನನ್ನ ಅಕ್ಕ ಎಂಬುದನ್ನೂ ಹೇಳಿದೆ. ಅವರು ಒಳ್ಳೆಯ ಮನುಷ್ಯರು. "ಮೇಕೆ ಮೇಯ್ತು ಅಂತ ಬರೀರಿ ಮೇಷ್ಟ್ರೇ. ಹೋದ ಸಲದ ತೊಂಬತ್ತೆರಡೇ ಇರಲಿ," ಎಂದರು.

ಮೇಕೆ ಮೇಯ್ದಿಲ್ಲ. ಪಟ್ಟಿಯಲ್ಲಿ ಹೀಗೆ ಬರೆದೆ: "ಗಿಡದ ಮೇಲಿನ ಹೂ ಸೊನ್ನೆ. ಗಿಡದ ಮೇಲಿನ ಕಾಯಿ ಸೊನ್ನೆ. ಕಾರಣ, ಹೂ ಪರೀಕ್ಷಕನ ಕೊರಳಿಗೂ ಕಾಯಿ ಪರೀಕ್ಷಕನ ಹೊಟ್ಟೆಗೂ ಹೋಗಿವೆ." ಸಹಿ ಹಾಕಿದೆ. ಶಿವಮಲ್ಲಪ್ಪನವರಿಗೆ ಹಾಕಿದ ಸೊನ್ನೆಯನ್ನು ಅಕ್ಕನಿಗೆ ಹಾಕದೆ ಇರುವುದು ನನ್ನಿಂದಾಗಲಿಲ್ಲ.

ಗಟ್ಟಿಯಾಗಿ ಓದಿದಾಗ ಅಕ್ಕ ನಕ್ಕಳು. "ನಮ್ಮುಡ್ಗ ಮೊದ್ಲಿಂದ್ಲೂ ಇಂಗೇ ಕಣ್ರಪ್ಪ. ಚಿಕ್ಕೋನಾಗಿದ್ದಾಗ ಕದ್ದು ಬೆಲ್ಲ ತಿಂದು ಅವ್ನೇ ಬಂದು ತಿಂದೆ ಅಂತ ಏಳವ್ನು," ಎಂದು ಸಮಿತಿಯವರಿಗೆಲ್ಲ ಹೇಳಿ ಮಜ್ಜಿಗೆ ಕೊಟ್ಟಳು. ಪಂಪು ಹಂಗಳದ ರಂಗನಾಯಕನಿಗೆ ಹೋಯಿತು. ಯೋಗ್ಯವಾದ ತೋಟ.

ನಾವು ಹೊರಡುವಾಗ ಅಕ್ಕ ಬಾವಿಕಟ್ಟೆಯ ಮೇಲಿದ್ದಳು. ಎಳೆಯುತ್ತಾಳೆ, ಮೆಟ್ಟುತ್ತಾಳೆ, ಎಳೆಯುತ್ತಾಳೆ. ಅವಳ ಪಂಪು ಕಳೆದವನು ನಾನು. ಇದನ್ನು ಹೇಗೆ ಬರೆದರೂ ಚಿಕ್ಕದಾಗಿ ಕಾಣುವುದಿಲ್ಲ.

18 ಆಗಸ್ಟ್, ಭಾನುವಾರ

ಭಾನುವಾರ ತೋಟಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ನಾನೂ ಸಾರ್ವಜನಿಕನೇ. ಏಳು ಗಂಟೆಯ ಬಸ್ಸಿಗೆ ಹೋದೆ.

ಹದಿನೇಳು ಬಿಂದಿಗೆ ಸೇದಿದೆ. ಹೈಸ್ಕೂಲು ಸೇರಿದ ಮೇಲೆ ಹಗ್ಗ ಹಿಡಿದಿರಲಿಲ್ಲ. ತೋಟ ನೋಡಲು ಬಂದಿದ್ದ ಇಬ್ಬರು ಹಳೆಯ ವಿದ್ಯಾರ್ಥಿಗಳು ತೋಟ ಬಿಟ್ಟು ನನ್ನನ್ನೇ ನೋಡಿದರು. "ಅಗ್ಗನ ಅಂಗಲ್ಲ ಇಡಿಯೋದು, ಅದೇನ್ ಬೆತ್ತವಾ?" ಎಂದು ಅಕ್ಕ ಅವರ ಎದುರಿಗೇ ತಿದ್ದಿದಳು. ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಬಾವಿಯ ನೀರು ನಾಲ್ಕು ಮಾರು ಆಳದಲ್ಲಿದೆ. ಈಗ ಆ ಲೆಕ್ಕ ಯಾರಿಗೂ ಬೇಕಿಲ್ಲ.

25 ಆಗಸ್ಟ್, ಭಾನುವಾರ

ಇಪ್ಪತ್ತೊಂಬತ್ತು ಬಿಂದಿಗೆ. ಕನಕಾಂಬರ ಮತ್ತೆ ಮೊಗ್ಗು ಬಿಟ್ಟಿದೆ.

28 ಆಗಸ್ಟ್, ಬುಧವಾರ

ಗೌರಿ ಹಬ್ಬ. ಬೆಳಗ್ಗೆ, ಅಂಗಡಿ ತೆರೆದಿದ್ದರೆ ಅಕ್ಕನಿಗೊಂದು ಸೀರೆ ತರಬೇಕು ಎಂದೆ. ಚಂದ್ರಮತಿ ಟ್ರಂಕು ಎಳೆದು ತೆಗೆದಳು. ಅಡಿಯಲ್ಲಿ ಏಳು ಸೀರೆ. ಮೊದಲನೆಯದು ಅಕ್ಕ ಉಣ್ಣದೆ ಹೋದ ವರ್ಷದ್ದು, ಅಂದು ಕೊಡಬೇಕೆಂದು ತಂದದ್ದು. "ಪ್ರತಿ ವರ್ಷ ಈ ಸಲ ಕೇಳ್ತೀರಿ, ಈ ಸಲ ಕೇಳ್ತೀರಿ ಅಂತ ತಂದಿಡ್ತಿದ್ದೆ," ಎಂದಳು. ನನಗೆ ಗೊತ್ತೇ ಇರಲಿಲ್ಲ. ಒಂದೇ ಮನೆಯಲ್ಲಿ, ನಾನು ಮಲಗುವ ಮಂಚದ ಕೆಳಗೆ.

ಇಬ್ಬರೂ ಹೋದೆವು. ಏಳನ್ನೂ ಒಟ್ಟಿಗೆ ಮಡಿಲಿಗೆ ಹಾಕಿದೆವು. ಅಕ್ಕ ಒಂದೊಂದನ್ನೇ ಸವರಿ ನೋಡಿದಳು. "ಏಳೂ ಉಟ್ಕಂಡ್ರೆ ಬಾವಿಕಟ್ಟೆ ಮ್ಯಾಲೆ ಎಂಗ್ ನಿಂತ್ಕಳ್ಳಿ?" ಎಂದು ನಗಲು ಹೋಗಿ ಅತ್ತಳು. ಚಂದ್ರಮತಿಯೂ ಅತ್ತಳು. ನಾನು ನೀರು ಸೇದಲು ಹೋದೆ.

31 ಆಗಸ್ಟ್, ಶನಿವಾರ

ಚಿಕ್ಕಮಾದಯ್ಯ ಹಾರೆ ತಂದು ನಮ್ಮ ಹಿತ್ತಲ ಗೋಡೆಯ ಬುಡದಲ್ಲಿ ಎರಡು ಅಡಿ ಸಿಮೆಂಟು ಒಡೆದ. ಅಲ್ಲಿ ಹೇಗೂ ಬಿರುಕು ಬಿಟ್ಟಿತ್ತು. ಬಂಗಲೆಯ ಸೂಜಿಮಲ್ಲಿಗೆಯಿಂದ ಒಂದು ಕಡ್ಡಿ ತರುತ್ತಾನಂತೆ. ಎಲೆ ಉದುರುತ್ತದೆ ಎಂದೆ. "ಗುಡಿಸಿದ್ರಾಯ್ತು ಸ್ವಾಮಿ," ಎಂದ.

ಶಿವಮಲ್ಲಪ್ಪನವರು ಯಾರ ಕೈಯಲ್ಲೋ ಒಂದು ಬುಟ್ಟಿ ಬದನೆಕಾಯಿ ಕಳಿಸಿದ್ದಾರೆ. ನಾನೇ ಕೇಳಿ ಬರೆದಿದ್ದೆ.

1 ಸೆಪ್ಟೆಂಬರ್, ಭಾನುವಾರ

ಶ್ರಾವಣ ಕಳೆದು ಒಂದು ವಾರವಾಯಿತು. ಭಾನುವಾರಗಳಂದು ಇನ್ನು ಮುಂದೆ ತೋಟಗಳಿಗೆ ಸಾರ್ವಜನಿಕ ಪ್ರವೇಶವಿಲ್ಲ, ಗೇಟುಗಳನ್ನು ಮುಚ್ಚಿಕೊಳ್ಳಬಹುದು ಎಂದು ಸಮಿತಿ ಎಲ್ಲರಿಗೂ ತಿಳಿಸಿದೆ. ಆ ಕಾಗದ ಬರೆದವನೂ ನಾನೇ.

ಏಳು ಗಂಟೆಯ ಬಸ್ಸಿಗೆ ಹೋದೆ. ನಲವತ್ತು ಬಿಂದಿಗೆ ಸೇದಿದೆ. ಅಕ್ಕ ನೆರಳಲ್ಲಿ ಕೂತು ಬೆಂಡೆಕಾಯಿ ಕೊಯ್ದು ಬುಟ್ಟಿಗೆ ಹಾಕಿದಳು, ಮೇಲೆ ಚಂದ್ರಮತಿಗೆಂದು ಎರಡು ಮೊಳ ಕನಕಾಂಬರ ಇಟ್ಟಳು. ಬುಟ್ಟಿ ಭಾರವಾಗಿತ್ತು, ಎರಡು ಕೈಯಲ್ಲೂ ಹಿಡಿದುಕೊಂಡೆ.

ಹೊರಗೆ ಬಂದು, ತಡಿಕೆ ಎಳೆದುಕೊಂಡು ಹೋಗಲೇ ಎಂದು ಕೇಳಿದೆ. ಕಾಗದ ಬಂದಿತ್ತಲ್ಲ ಎಂದೂ ನೆನಪಿಸಿದೆ.

"ಬಂದದೆ," ಎಂದಳು ಅಕ್ಕ. "ಅದು ತಗ್ದಂಗೇ ಇರ್ಲಿ ಬುಡು ಕೂಸು."